ಅಟ್ಟದ ಮೇಲಿನ ಸೌತೆಕಾಯಿ

ಬದಿಯಡ್ಕದಿಂದ ಭಾವನ ಫೋನು. ಮಗಳಿಗೆ ಪ್ಲಸ್ ಟು ಮುಗಿಯಿತು, ಬಿಕಾಂಗೆ ಲ್ಯಾಪ್‌ಟಾಪ್ ಬೇಕು. "ಐ5 ಸಾಕಾ ಭಾವಾ, ಐ7 ತೆಗೀಬೇಕಾ?" ಅಡಿಕೆಗೆ ರೇಟು ಇರುವಾಗಲೇ ದೊಡ್ಡದು ತೆಗೆದುಬಿಡುವ ಅಂದಾಜು ಅವರದ್ದು.

"ರ‍್ಯಾಮ್ ಎಷ್ಟು? ಡಿಸ್ಕ್ ಎಂತದ್ದು?" ಎಂದೆ. ಆಚೆಯಿಂದ ಸದ್ದಿಲ್ಲ.

ನಮ್ಮ ಅಡುಗೆಮನೆಯನ್ನೇ ನೋಡಿ. ಭಾವ ಕೇಳಿದ ಐ5, ಐ7 ಎಂಬವು ಲೆಕ್ಕ ಮಾಡುವ ಚಿಪ್ಪಿನ, ಅಂದರೆ ಪ್ರೊಸೆಸರಿನ ಹೆಸರುಗಳು. ಪ್ರೊಸೆಸರ್ ಎಂದರೆ ಮೆಟ್ಟುಕತ್ತಿಯ ಮೇಲೆ ಕೂತವರು. ರ‍್ಯಾಮ್ ಅವರ ಕೈಗೆಟಕುವ ಜಾಗ. ಡಿಸ್ಕ್ ಅಟ್ಟ, ಮಳೆಗಾಲಕ್ಕೆಂದು ಸೌತೆಕಾಯಿ ಕಟ್ಟಿ ತೂಗಹಾಕಿದ್ದು ಅಲ್ಲಿ. ಹೆಚ್ಚುವ ಕೈ ಎಷ್ಟೇ ಚುರುಕಿರಲಿ, ಒಂದೊಂದು ಕಾಯಿಗೂ ಏಣಿ ಹತ್ತಬೇಕಾದರೆ ಮಧ್ಯಾಹ್ನದ ಊಟ ಸಂಜೆಗೆ.

ಏಣಿ ಎಷ್ಟು ಉದ್ದ ಎಂದು ಲೆಕ್ಕ ಹಾಕಬಹುದು. ಪ್ರೊಸೆಸರಿಗೆ ರ‍್ಯಾಮಿನಿಂದ ಮಾಹಿತಿ ಸಿಗಲು ಸುಮಾರು 100 ನ್ಯಾನೊಸೆಕೆಂಡ್ ಸಾಕು. ತಿರುಗುವ ತಟ್ಟೆಯಿಲ್ಲದ ಈಗಿನ ಬಗೆಯ ಡಿಸ್ಕ್, ಎಸ್‌ಎಸ್‌ಡಿಯಿಂದಾದರೆ 100 ಮೈಕ್ರೊಸೆಕೆಂಡಿನ ಆಸುಪಾಸು; ಒಂದು ಮೈಕ್ರೊ ಎಂದರೆ ಸಾವಿರ ನ್ಯಾನೊ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ. ಒಂದು ಸುತ್ತಿಗೇ 11 ಮಿಲಿಸೆಕೆಂಡ್ (ಒಂದು ಮಿಲಿ ಎಂದರೆ ಸಾವಿರ ಮೈಕ್ರೊ). ಓದುವ ಮೊನೆ ಸರಿದು, ಬೇಕಾದ ಜಾಗ ಅದರ ಕೆಳಗೆ ಬರುವವರೆಗೆ ಕಾದರೆ ಸುಮಾರು 15 ಮಿಲಿಸೆಕೆಂಡ್ ಹೋಯಿತು. ಈಗ ರ‍್ಯಾಮಿನ ಹೊತ್ತನ್ನು 1 ಸೆಕೆಂಡಿಗೆ ಹಿಗ್ಗಿಸಿ. ಎಸ್‌ಎಸ್‌ಡಿಯದ್ದು 17 ನಿಮಿಷವಾಗುತ್ತದೆ, ಹಾರ್ಡ್ ಡಿಸ್ಕಿನದ್ದು ಸುಮಾರು 42 ಗಂಟೆ: ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದವರು ಹೆಚ್ಚುಕಡಿಮೆ ದಿಲ್ಲಿ ಮುಟ್ಟುವಷ್ಟು!

ರ‍್ಯಾಮ್ ತುಂಬಿದಾಗ ಕಂಪ್ಯೂಟರು ಸಾಮಾನನ್ನು ಅಟ್ಟಕ್ಕೆ ಏರಿಸಿ, ಬೇಕಾದಾಗ ಇಳಿಸುತ್ತಿರುತ್ತದೆ. ನನ್ನ ಹಳೆಯ 4 ಜಿಬಿಯ ಡೆಸ್ಕ್‌ಟಾಪಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೆ. ಯಾವುದಕ್ಕೆ ಎಷ್ಟು ಕೆಲಸ ಬಿದ್ದಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ ಶೇ. 12, ಡಿಸ್ಕ್ ಶೇ. 100, ಪೆಟ್ಟಿಗೆಯೊಳಗೆ ಕಿರ‍್ರ್ ಕಿರ‍್ರ್. ಎಸ್‌ಎಸ್‌ಡಿ ಹಾಕಿಸಿ, ಇನ್ನೊಂದು 4 ಜಿಬಿ ಸೇರಿಸಿದೆ. ಮೊದಲು ಸ್ವಿಚ್ ಒತ್ತಿ ಚಾ ಕಾಯಿಸಿ ಬರುತ್ತಿದ್ದೆ, ಆಮೇಲೆ ಆ ಚಾಕ್ಕೆ ನೆಪವೇ ಉಳಿಯಲಿಲ್ಲ. ಪ್ರೊಸೆಸರ್ ಹಳೆಯದೇ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಎಂದು ಬರೆದಿರುತ್ತದೆ. ಅದು ಜೀವ ಹಿಡಿಯುವ ಗಂಜಿ. ಎಕ್ಸೆಲ್, ಟ್ಯಾಲಿ, ಆನ್‌ಲೈನ್ ಕ್ಲಾಸಿಗೆ 8 ನಡೆದೀತು, 16 ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ. ತೆಳ್ಳಗಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸೆದೇ ಬಿಟ್ಟಿರುತ್ತಾರೆ, ಮತ್ತೆ ಸೇರಿಸಲು ಬಾರದು. ಅಂಗಡಿಯಲ್ಲೇ ಕೇಳಿಕೊಳ್ಳಿ. ಇನ್ನು ಐ7 ಎಂಬ ಹೆಸರಿಗೆ ಮರುಳಾಗುವುದು ಬೇಡ. ನಾಲ್ಕೈದು ತಲೆಮಾರು ಹಿಂದಿನ ಐ7ನ್ನು ಈಚಿನ ಐ5 ಹಿಂದಿಕ್ಕುವುದುಂಟು.

ಡೆಸ್ಕ್‌ಟಾಪೇ ಬೇಕೆನ್ನುವವರು ಕರೆಂಟು ಹೋದಾಗ ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆಗೂ (ಯುಪಿಎಸ್) ದುಡ್ಡು ತೆಗೆದಿಡಿ. ನಮ್ಮಲ್ಲಿ ಗುಡುಗು ಶುರುವಾದರೆ ಕರೆಂಟು ಇರುವುದಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿಯೇ ಆಸರೆ, ಮಿಂಚು ಶುರುವಾಗುವ ಮೊದಲೇ ಚಾರ್ಜರ್ ಕಿತ್ತಿಟ್ಟರಾಯಿತು.

ಮರುದಿನ ವಾಟ್ಸಾಪಿನಲ್ಲಿ ಡಬ್ಬದ ಫೋಟೊ: ಐ5, 16 ಜಿಬಿ, 512 ಜಿಬಿ ಎಸ್‌ಎಸ್‌ಡಿ. ಕೆಳಗೆ ಒಂದು ಪ್ರಶ್ನೆ: "ಗ್ರಾಫಿಕ್ಸ್ ಕಾರ್ಡು ಇಲ್ಲವಂತೆ, ತೊಂದರೆ ಉಂಟಾ?" ಲೆಕ್ಕಪತ್ರಕ್ಕೆ ಅದು ಬೇಡ. ಭಾವನಿಂದ ಇದನ್ನು ಕೇಳಿಸಿದವರು ಯಾರೆಂದು ಗೊತ್ತಾಯಿತು. ಭಾವನ ಸಣ್ಣ ಮಗನಿಗೆ ಗೇಮಿನ ಹುಚ್ಚು.