ಎಂಜಿನ್ ಒಪ್ಪಿದರೆ ಸಾಕಾ?

ಸ್ವಂತವಾಗಿ ಪುಟ್ಟ ವಿಮಾನ ಕಟ್ಟಿಕೊಂಡವರು ನನ್ನನ್ನು ಪದೇ ಪದೇ ಕೇಳುತ್ತಾರೆ: "ರೊಟ್ಯಾಕ್ಸ್ 912ಕ್ಕೆ ಇ10 ಹಾಕಬಹುದು ಅಂತ ಕಂಪನಿಯೇ ಹೇಳಿದೆಯಲ್ಲ, ಇನ್ನೇನು ತೊಂದರೆ?" ರೊಟ್ಯಾಕ್ಸ್ 912 ಅಂದರೆ ಪುಟ್ಟ ವಿಮಾನಗಳ ಎಂಜಿನ್, ಇ10 ಅಂದರೆ ಶೇ. 10ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಕಂಪನಿ ಹೇಳಿರುವುದು ನಿಜ. ಆದರೆ ಅದು ಎಂಜಿನ್ ಮಟ್ಟಿಗೆ ಮಾತ್ರ. ಟ್ಯಾಂಕ್, ಪೈಪ್, ಸೀಲ್ ಎಲ್ಲ ಆರಿಸಿ ಜೋಡಿಸಿದ್ದು ನೀವು. ಅವುಗಳ ಮಟ್ಟಿಗೆ ಕಂಪನಿ ನೀವೇ.

ಟ್ಯಾಂಕ್ ಫೈಬರ್‌ಗ್ಲಾಸಿನದಾದರೆ ಯಾವ ರೆಸಿನ್ (ಗಾಜಿನ ನಾರನ್ನು ಅಂಟಿಸುವ ರಾಳ) ಬಳಸಿದ್ದೀರಿ ಅನ್ನುವುದು ಮುಖ್ಯ. ಹಲವು ಪಾಲಿಯೆಸ್ಟರ್ ರೆಸಿನ್‌ಗಳು, ಕೆಲವು ಎಪಾಕ್ಸಿಗಳು ಕೂಡ ಎಥನಾಲ್ ತಾಗಿದರೆ ಮೆತ್ತಗಾಗುತ್ತವೆ. ಕರಗಿದ ಅಂಶ ಕಾರ್ಬ್ಯುರೇಟರ್‌ಗೆ ಹೋಗಿ ಅಂಟಿಕೊಳ್ಳುತ್ತದೆ. ಲೋಹದ ಟ್ಯಾಂಕಿನ ಒಳಗೆ ಹಚ್ಚಿದ ಹಳೆಯ ಸೀಲಂಟ್ (ಸೋರದಂತೆ ಹಚ್ಚುವ ಲೇಪ) ಎದ್ದು ಬಂದು ಫಿಲ್ಟರಿಗೆ ಅಡ್ಡ ಕಟ್ಟಿಕೊಳ್ಳಬಹುದು. ನನ್ನ ಸಲಹೆ ಇಷ್ಟೇ: ಅದೇ ರೆಸಿನ್, ಅದೇ ಸೀಲಂಟ್ ಇರುವ ಒಂದು ತುಂಡನ್ನು ಗಾಜಿನ ಬಾಟಲಿಯಲ್ಲಿ ಇ10 ತುಂಬಿ ಕೆಲವು ವಾರ ನೆನೆಹಾಕಿ. ಆಮೇಲೆ ಉಗುರಿನಿಂದ ಒತ್ತಿ ನೋಡಿ. ಮೆತ್ತಗಾಗಿದ್ದರೆ ಆ ಟ್ಯಾಂಕಿಗೆ ಎಥನಾಲ್ ಬೇಡವೇ ಬೇಡ.

ನನಗೆ ಇದಕ್ಕಿಂತ ಜಾಸ್ತಿ ಭಯ ನೀರಿನದು. ಬರೀ ಪೆಟ್ರೋಲಿನಲ್ಲಿ ನೀರು ತಳಕ್ಕಿಳಿಯುತ್ತದೆ. ಹಾರುವ ಮುಂಚೆ ಟ್ಯಾಂಕಿನ ತಳದ ಸಂಪ್‌ನಿಂದ ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿಕೊಂಡರೆ ಕಣ್ಣಿಗೆ ಬೀಳುತ್ತದೆ. ಇ10 ಹಾಗಲ್ಲ, 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಶೇ. 0.5ರಷ್ಟು ನೀರನ್ನು ತನ್ನೊಳಗೆ ಕರಗಿಸಿಕೊಂಡಿರುತ್ತದೆ. ನಿಮ್ಮ ಲೋಟದಲ್ಲಿ ಏನೂ ಕಾಣದು. ಮೇಲೇರಿದಂತೆ ಗಾಳಿ 1,000 ಅಡಿಗೆ ಸುಮಾರು 2 ಡಿಗ್ರಿ ತಣ್ಣಗಾಗುತ್ತದೆ, ಟ್ಯಾಂಕೂ ನಿಧಾನವಾಗಿ ತಣಿಯುತ್ತದೆ. ಒಂದು ಹಂತದಲ್ಲಿ ನೀರು ಎಥನಾಲನ್ನೂ ಎಳೆದುಕೊಂಡು ತಳಕ್ಕೆ ಬಂದು ಕೂರುತ್ತದೆ. ಎಂಜಿನ್‌ಗೆ ಪೆಟ್ರೋಲ್ ಹೋಗುವುದು ಆ ತಳದಿಂದಲೇ ಅಲ್ವಾ? ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣ) ಕೂಡ ಇಳಿದಿರುತ್ತದೆ. 912ರ ಯುಎಲ್‌ಎಸ್ ಮಾದರಿಗೆ ಕನಿಷ್ಠ 95 ರಾನ್ (ಆಕ್ಟೇನ್ ಅಳತೆ) ಬೇಕು. ನೀರು ಬೆರೆಸಿ ಎಥನಾಲ್ ತೊಳೆದು ತೆಗೆಯುವ ಉಪಾಯವನ್ನು ನಾನು ಒಪ್ಪದಿರುವುದೂ ಇದಕ್ಕೇ.

ಶೇ. 10ರಷ್ಟು ಎಥನಾಲ್ ಸೇರಿದ ಪೆಟ್ರೋಲ್ ಬೇಗ ಆವಿಯಾಗುವುದರಿಂದ ಎಕ್ಸಾಸ್ಟ್ ಪಕ್ಕ ಹಾದುಹೋಗುವ ಪೈಪನ್ನು ದೂರ ಸರಿಸಿ. ಕೆಪಾಸಿಟನ್ಸ್ ಮಾದರಿಯ (ಇಂಧನದ ವಿದ್ಯುತ್ ಗುಣದಿಂದ ಮಟ್ಟ ಅಳೆಯುವ) ಇಂಧನ ಮಾಪಕ ತಪ್ಪು ತೋರಿಸುತ್ತದೆ, ಹೊಸದಾಗಿ ಹೊಂದಿಸಬೇಕು.

ಪ್ರತಿ ಸಲ ತುಂಬಿಸುವ ಮುಂಚೆ ಅಳತೆಗೆರೆ ಇರುವ ಗಾಜಿನ ಕೊಳವೆಗೆ 10 ಮಿಲಿ ನೀರು, 90 ಮಿಲಿ ಪೆಟ್ರೋಲ್ ಹಾಕಿ ಕುಲುಕಿ ನಿಲ್ಲಿಸಿ. ನೀರಿನ ಮಟ್ಟ 10ರ ಗೆರೆಯಲ್ಲೇ ನಿಂತರೆ ಎಥನಾಲ್ ಇಲ್ಲ. ಮೇಲೇರಿದರೆ ಇದೆ. ಏರಿಕೆ 10 ಮಿಲಿಯ ಹತ್ತಿರ ಬಂದರೆ ಅದನ್ನು ವಿಮಾನಕ್ಕೆ ಹಾಕಲೇಬೇಡಿ, ಅದರಲ್ಲಿರುವುದು ಇ10ರ ಮಿತಿ ಮೀರಿದ ಎಥನಾಲ್.