ಸ್ವಂತ ಅನುಭವವಿಲ್ಲದೆ ನಂಬಬಹುದೇ?

ಪ್ರಶ್ನೆ: ಸ್ವತಃ ಅನುಭವಕ್ಕೆ ಬಾರದ ಸಂಗತಿಯನ್ನು ಕೇವಲ ತರ್ಕದ ಬಲದಿಂದ ನಂಬುವುದು ಸರಿಯೇ?

ಉತ್ತರ: ನಂಬಬಹುದು. ಆದರೆ ತರ್ಕಕ್ಕೂ ಕಾಲೂರಲು ಯಾರದಾದರೂ ಅನುಭವ ಬೇಕು. ಅದು ನಿಮ್ಮದೇ ಆಗಿರಬೇಕೆಂದಿಲ್ಲ. ಇಷ್ಟನ್ನು ಎಷ್ಟು ಸಲ ಬರೆದರೂ "ಕಣ್ಣಾರೆ ಕಾಣದ್ದನ್ನು ನಾನು ಒಪ್ಪುವುದಿಲ್ಲ" ಎಂಬ ಪತ್ರ ಮತ್ತೆ ಬರುತ್ತದೆಯಾದ್ದರಿಂದ, ಈ ಬಾರಿ ಆ ಹಟವನ್ನೇ ಕೈಗೆತ್ತಿಕೊಳ್ಳುತ್ತೇನೆ.

ಪ್ರತ್ಯಕ್ಷವೊಂದೇ ಪ್ರಮಾಣ, ಎಂದರೆ ಸರಿಯಾದ ಅರಿವಿಗೆ ದಾರಿ, ಎಂಬ ಚಾರ್ವಾಕಪಕ್ಷಕ್ಕೆ ನ್ಯಾಯದರ್ಶನದ ತಾರ್ಕಿಕ ಉದಯನ ಸುಮಾರು ಸಾವಿರ ವರ್ಷಗಳ ಹಿಂದೆಯೇ ತನ್ನ ನ್ಯಾಯಕುಸುಮಾಂಜಲಿಯಲ್ಲಿ ಉತ್ತರ ಕೊಟ್ಟಿದ್ದಾನೆ. ಕಾಣದ್ದೆಲ್ಲ ಇಲ್ಲವೆನ್ನುವುದಾದರೆ, ಮನೆಯಿಂದ ಹೊರಬಿದ್ದ ಬಡಪಾಯಿ ಚಾರ್ವಾಕ ಮತ್ತೆ ಮನೆಗೆ ಹೋಗುವಂತಿಲ್ಲ. ಹೆಂಡತಿ, ಮಕ್ಕಳು, ಹಣ ಯಾವುದೂ ಕಣ್ಣಿಗೆ ಬೀಳದ್ದರಿಂದ ಎಲ್ಲವೂ ಇಲ್ಲವಾಯಿತೆಂದು ನಡುಬೀದಿಯಲ್ಲೇ ಎದೆ ಬಡಿದುಕೊಂಡು ಅಳಬೇಕಾಗುತ್ತದೆ. "ಬೆಳಿಗ್ಗೆ ನೋಡಿದ್ದೆನಲ್ಲ, ಅಷ್ಟು ಸಾಕು" ಎನ್ನುವಿರಾದರೆ ನೀವು ಆಗಲೇ ಅನುಮಾನಪ್ರಮಾಣವನ್ನು, ಎಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದನ್ನು, ಒಪ್ಪಿಕೊಂಡಿರಿ, ಏಕೆಂದರೆ ಬೆಳಿಗ್ಗೆ ಕಂಡದ್ದು ಸಂಜೆಗೂ ಇರುತ್ತದೆಂಬುದು ಕಣ್ಣು ಹೇಳಿದ ಮಾತಲ್ಲ. ಇನ್ನು ಆ ಕಣ್ಣಿನ ಸಾಕ್ಷ್ಯವಾದರೂ ಎಷ್ಟರದು? ಸೂರ್ಯ ಪೂರ್ವದಿಂದ ಪಶ್ಚಿಮಕ್ಕೆ ಸಾಗುವುದನ್ನು ದಿನವೂ ಕಾಣುತ್ತೇವೆ. ಕಾಲಡಿಯ ಭೂಮಿ ತಿರುಗುವುದು ಯಾರ ಅನುಭವಕ್ಕೂ ಬಂದಿಲ್ಲ, ಆದರೂ ಒಪ್ಪಿದ್ದೇವೆ.

ಹಾಗೆಂದು ತರ್ಕದ ಪಕ್ಷಪಾತಿಗಳು ಹಿಗ್ಗಬೇಕಾಗಿಲ್ಲ. ಯುರೇನಸ್ಸಿನ ಚಲನೆಯ ಏರುಪೇರನ್ನು ಹಿಡಿದು ಫ್ರೆಂಚ್ ಖಗೋಳಜ್ಞ ಲೆವೆರಿಯೆ ಲೆಕ್ಕಹಾಕಿ ತೋರಿಸಿದ ಜಾಗದಿಂದ ಒಂದು ಡಿಗ್ರಿಯೊಳಗೇ, 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ನಿನಲ್ಲಿ ನೆಪ್ಚೂನ್ ಸಿಕ್ಕಿತು, ನಿಜ. ಆದರೆ 1859ರಲ್ಲಿ ಬುಧನ ಕಕ್ಷೆಯ ವ್ಯತ್ಯಾಸಕ್ಕೆ ಅದೇ ಜಾಡಿನಲ್ಲಿ ಆತ ಊಹಿಸಿದ ಒಳಗಿನ ಕಾಯ ಎಷ್ಟು ಹುಡುಕಿದರೂ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸಿದ್ಧಾಂತವನ್ನೇ ಬದಲಿಸಿದಾಗ ಲೆಕ್ಕ ಸರಿಹೋಯಿತು. ಲೆವೆರಿಯೆಯ ತರ್ಕ ತಪ್ಪಿರಲಿಲ್ಲ. ಅದು ನಿಂತ ನೆಲ ಸಾಲದಾಗಿತ್ತು, ಮತ್ತು ಅದನ್ನು ಬಯಲುಮಾಡಿದ್ದು ದೂರದರ್ಶಕ.

ಇಷ್ಟೆಲ್ಲ ವಾದಿಸುವವರು ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ: ನಿಮ್ಮ ಹುಟ್ಟಿದ ದಿನ ನಿಮಗೆ ಹೇಗೆ ಗೊತ್ತು? ಅದು ನಿಮ್ಮ ನೆನಪಿನಲ್ಲಿಲ್ಲ, ತರ್ಕದಿಂದ ಹೊರಟದ್ದೂ ಅಲ್ಲ. ತಾಯಿ ಹೇಳಿದ್ದು, ಅಥವಾ ನೀವು ಹಳೆಯ ತಲೆಮಾರಿನವರಾದರೆ, ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು. ನಮ್ಮ ನಂಬಿಕೆಗಳಲ್ಲಿ ದೊಡ್ಡ ಪಾಲು ಇಂಥ ಶಬ್ದಪ್ರಮಾಣದ್ದೇ, ಎಂದರೆ ಬಲ್ಲವರ ಮಾತನ್ನು ನಂಬಿ ತಿಳಿದದ್ದೇ. ವಿಷಯವನ್ನು ನೇರವಾಗಿ ತಿಳಿದು, ತಿಳಿದಂತೆಯೇ ಹೇಳಬಯಸುವವನು ಆಪ್ತ, ಅವನ ಮಾತು ಪ್ರಮಾಣ ಎನ್ನುವ ನ್ಯಾಯಭಾಷ್ಯಕಾರ ವಾತ್ಸ್ಯಾಯನ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸುತ್ತಾನೆ. ತಾಯಿ ಈ ಲಕ್ಷಣಕ್ಕೆ ಸಲ್ಲುತ್ತಾಳೆ. ಊರಿನ ಅರ್ಧ ಮಕ್ಕಳಿಗೆ ಜೂನ್ 1 ಎಂದು ಬರೆದ ಮೇಷ್ಟ್ರು ಸಲ್ಲುವುದಿಲ್ಲ.