ರೊಮೇನಿಯಾದ ಒಂದು ಕುರ್ಚಿಗೆ ಇಷ್ಟು ಬೆಲೆ ಯಾಕೆ?

ಯುರೋಪಿನ ರಾಜಕೀಯ ಪಾಠ ಮಾಡುವಾಗ ವಿದ್ಯಾರ್ಥಿಗಳಿಂದ ಈ ಪ್ರಶ್ನೆ ಬಂದೇ ಬರುತ್ತದೆ. ‘ಸರ್, ಯುರೋಪನ್ನು ಒಡೆಯಬೇಕು ಅಂದರೆ ಜರ್ಮನಿ, ಫ್ರಾನ್ಸ್ ಮೇಲೆ ಕಣ್ಣಿಡಬೇಕಲ್ವಾ? ರೊಮೇನಿಯಾ ಯಾರಿಗೆ ಬೇಕು?’

ಉತ್ತರ ಇರುವುದು ಯುರೋಪಿಯನ್ ಒಕ್ಕೂಟದ ಮತದಾನದ ನಿಯಮದಲ್ಲಿ. ವಿದೇಶಾಂಗ ನೀತಿ, ನಿರ್ಬಂಧ, ಹೊಸ ಸದಸ್ಯರ ಸೇರ್ಪಡೆ, ಇವಕ್ಕೆಲ್ಲ 27 ದೇಶಗಳೂ ಒಪ್ಪಬೇಕು. ಒಟ್ಟು ಕುಟುಂಬದ ಜಮೀನು ಪತ್ರದ ಹಾಗೆ. ಒಬ್ಬ ತಮ್ಮ ಸಹಿ ಹಾಕಲ್ಲ ಅಂದರೆ ಕೆಲಸ ನಿಂತಿತು. ಸದಸ್ಯ ದೇಶಗಳ ನಾಯಕರು ಸೇರುವ ಯುರೋಪಿಯನ್ ಕೌನ್ಸಿಲ್ ಸಭೆಯಲ್ಲಿ ರೊಮೇನಿಯಾದ ಪರವಾಗಿ ಕೂರುವವರು ಅಲ್ಲಿನ ಅಧ್ಯಕ್ಷರು. ಆ ಕುರ್ಚಿಯ ಬೆಲೆ ಅದು.

2024ರ ನವೆಂಬರ್ 24ರಂದು ಅಲ್ಲಿ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತು ನಡೆಯಿತು. ಕಲಿನ್ ಜಾರ್ಜೆಸ್ಕು ಎಂಬ ಬಲಪಂಥೀಯ ಅಭ್ಯರ್ಥಿ ಸುಮಾರು ಶೇ. 23 ಮತ ಪಡೆದು ಮೊದಲಿಗರಾದರು. ಪ್ರಚಾರದ ಖರ್ಚು ಎಷ್ಟು ಅಂದರೆ ಸೊನ್ನೆ ಅಂತ ಲೆಕ್ಕ ಕೊಟ್ಟಿದ್ದರು! ಆದರೆ ಟಿಕ್‌ಟಾಕ್ ತುಂಬ ಅವರೇ. ಇದರ ಹಿಂದೆ ಹೊರಗಿನ ಕೈ ಇದೆ ಎಂದು ಸೂಚಿಸುವ ಗುಪ್ತಚರ ದಾಖಲೆಗಳು ಹೊರಬಂದವು. ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತು. ಎರಡನೇ ಸುತ್ತಿಗೆ ಇನ್ನೆರಡು ದಿನ ಬಾಕಿ. ವಿದೇಶದಲ್ಲಿರುವ ರೊಮೇನಿಯನ್ನರು ಆಗಲೇ ಮತ ಹಾಕಲು ಶುರು ಮಾಡಿದ್ದರು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಷ್ಟು ದೊಡ್ಡ ಹೆಜ್ಜೆಗೆ ಜನರ ಮುಂದಿಟ್ಟ ಸಾಕ್ಷ್ಯ ತೆಳುವಾಗಿತ್ತು. ಸಾಲದ್ದಕ್ಕೆ, ಆ ಟಿಕ್‌ಟಾಕ್ ಪ್ರಚಾರಗಳಲ್ಲಿ ಒಂದಕ್ಕೆ ದುಡ್ಡು ಕೊಟ್ಟಿದ್ದು ಅಧಿಕಾರದಲ್ಲಿದ್ದ ಲಿಬರಲ್ ಪಕ್ಷವೇ ಎಂದು ಅಲ್ಲಿನ ಪತ್ರಕರ್ತರು ಬಯಲು ಮಾಡಿದರು. ಹೊರಗಿನ ಕೈ ಯಾವುದು, ಒಳಗಿನ ಕೈ ಯಾವುದು ಅಂತ ಬಿಡಿಸುವುದು ಸುಲಭವಲ್ಲ. 2025ರ ಫೆಬ್ರವರಿಯಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಮ್ಯೂನಿಕ್‌ನಲ್ಲಿ ಚುನಾವಣೆ ರದ್ದಾಗಿದ್ದನ್ನೇ ಹಿಡಿದು ಯುರೋಪಿಗೆ ಪ್ರಜಾಪ್ರಭುತ್ವದ ಪಾಠ ಹೇಳಿದರು. ಹಸ್ತಕ್ಷೇಪ ಬರೀ ಮಾಸ್ಕೋದಿಂದ ಬರುತ್ತದೆ ಅಂದುಕೊಂಡಿದ್ದವರಿಗೆ ಅದು ಹೊಸ ತಲೆನೋವು.

ಜಾರ್ಜೆಸ್ಕು ಮತ್ತೆ ನಿಲ್ಲದಂತೆ ತಡೆಯಲಾಯಿತು. ಅವರ ಮತಗಳು ಎಲ್ಲೂ ಹೋಗಲಿಲ್ಲ. 2025ರ ಮೇ 4ರಂದು ಮರುಚುನಾವಣೆಯ ಮೊದಲ ಸುತ್ತಿನಲ್ಲಿ ಇನ್ನೊಬ್ಬ ಬಲಪಂಥೀಯ ಜಾರ್ಜ್ ಸಿಮಿಯಾನ್ ಸುಮಾರು ಶೇ. 41 ಪಡೆದರು. ರದ್ದು ಮಾಡಿದ್ದರಿಂದ ಸಿಟ್ಟು ಜಾಸ್ತಿಯೇ ಆಯಿತು.

ಎರಡನೇ ಸುತ್ತಿನಲ್ಲಿ ಮತದಾನದ ಪ್ರಮಾಣ ಸುಮಾರು ಶೇ. 53ರಿಂದ ಶೇ. 65ಕ್ಕೆ ಏರಿತು. ಬುಕಾರೆಸ್ಟ್ ಮೇಯರ್ ನಿಕುಶೋರ್ ಡಾನ್ ಸುಮಾರು ಶೇ. 54 ಪಡೆದು ಗೆದ್ದರು. ಇಲ್ಲೊಂದು ಸ್ವಾರಸ್ಯವಿದೆ. ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬನ್ ಸಿಮಿಯಾನ್ ಕಡೆ ಒಲವು ತೋರಿದ್ದರು. ಆದರೆ ಸಿಮಿಯಾನ್ ಹೆಸರು ಮಾಡಿದ್ದೇ ರೊಮೇನಿಯಾದ ಹಂಗೇರಿಯನ್ ಅಲ್ಪಸಂಖ್ಯಾತರ ಜೊತೆ ಜಗಳ ತೆಗೆದು. 2019ರಲ್ಲಿ ಒಂದು ಸೈನಿಕ ಸ್ಮಶಾನದಲ್ಲಿ ನಡೆದ ಗಲಾಟೆ ಆ ಅಲ್ಪಸಂಖ್ಯಾತರಿಗೆ ನೆನಪಿತ್ತು. ಓರ್ಬನ್ ಮಾತು ಪಕ್ಕಕ್ಕಿಟ್ಟು ಅವರಲ್ಲಿ ಬಹುಪಾಲು ಜನ ಡಾನ್‌ಗೇ ಮತ ಹಾಕಿದರು. ‘ನಮ್ಮ ದೇಶವೇ ಮೊದಲು’ ಅನ್ನುವ ಇಬ್ಬರು ಗಡಿಯಲ್ಲಿ ಎದುರಾದಾಗ ಸ್ನೇಹ ಉಳಿಯುವುದು ಕಷ್ಟ. ಯುರೋಪಿಯನ್ ಸಂಸತ್ತಿನಲ್ಲೂ ಈ ಪಕ್ಷಗಳು ಮೂರು ಗುಂಪಾಗಿ ಹಂಚಿಹೋಗಿವೆ.

ತಡೆ ಹಾಕುವುದಕ್ಕೆ ಮಾತ್ರ ಅವರಿಗೆ ಒಗ್ಗಟ್ಟು ಬೇಕಿಲ್ಲ. ಒಂದು ಕುರ್ಚಿ ಸಾಕು. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಸೇರ್ಪಡೆಯ ಮಾತುಕತೆ ಶುರು ಮಾಡುವ ತೀರ್ಮಾನದ ಹೊತ್ತಿಗೆ ಓರ್ಬನ್ ಎದ್ದು ಹೊರಗೆ ಹೋದರು. ಉಳಿದ 26 ಜನ ‘ಒಮ್ಮತ’ದಿಂದ ಒಪ್ಪಿದರು. ಹಿಂದಿನ ದಿನವಷ್ಟೇ ಹಂಗೇರಿಗೆ ತಡೆಹಿಡಿದಿದ್ದ ಸುಮಾರು 1,000 ಕೋಟಿ ಯೂರೋ ಬಿಡುಗಡೆಯಾಗಿತ್ತು. ಕಾಕತಾಳೀಯ ಅಂತ ನಂಬುವವರು ನಂಬಲಿ. ಅದೇ ರಾತ್ರಿ ಉಕ್ರೇನ್‌ಗೆ ಕೊಡಬೇಕಿದ್ದ 5,000 ಕೋಟಿ ಯೂರೋ ನೆರವಿಗೆ ಓರ್ಬನ್ ಅವರೇ ಅಡ್ಡಗಾಲು ಹಾಕಿದರು.

2025ರ ಡಿಸೆಂಬರ್‌ನಲ್ಲಿ ಒಕ್ಕೂಟ ಬೇರೆ ದಾರಿ ಹಿಡಿಯಿತು. ಯುರೋಪಿನಲ್ಲಿರುವ ರಷ್ಯಾದ ಕೇಂದ್ರ ಬ್ಯಾಂಕಿನ ಹಣವನ್ನು ಸ್ತಂಭನದಲ್ಲಿಡಲು ಅಲ್ಲಿಯವರೆಗೆ ಆರು ತಿಂಗಳಿಗೊಮ್ಮೆ ಎಲ್ಲರ ಒಪ್ಪಿಗೆ ಬೇಕಿತ್ತು. ಒಕ್ಕೂಟದ ಒಪ್ಪಂದದಲ್ಲಿ ತುರ್ತು ಪರಿಸ್ಥಿತಿಗೆಂದು ಇರುವ 122ನೇ ಕಲಂ ಬಳಸಿ, ಬಹುಮತದಿಂದ, ಅನಿರ್ದಿಷ್ಟಾವಧಿಗೆ ಬೀಗ ಹಾಕಿದರು. ಹಂಗೇರಿ, ಸ್ಲೊವಾಕಿಯಾ ವಿರೋಧಿಸಿದವು, ನಡೆಯಲಿಲ್ಲ. ಜಾಣ ನಡೆ, ಒಪ್ಪುತ್ತೇನೆ. ಆದರೆ ಉಕ್ರೇನ್, ಮೊಲ್ಡೋವಾಗಳನ್ನು ಒಳಗೆ ಸೇರಿಸಿಕೊಳ್ಳಲು ಈ ಕಲಂ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೆ 27 ಸಹಿಗಳೂ ಬೇಕು.